ಮೊದಲು ಪೈಪು, ಆಮೇಲೆ ಯಂತ್ರ: ಜಿಲ್ಲಾ ಆಸ್ಪತ್ರೆಗಳ ಇಂಟರ್ವೆನ್ಷನಲ್ ರೇಡಿಯಾಲಜಿ ಕುರಿತು ಬಹಿರಂಗ ಪತ್ರ

ಇವರಿಗೆ,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ ಹಾಗೂ ವೈದ್ಯಕೀಯ ಶಿಕ್ಷಣ ಇಲಾಖೆ,
ಕರ್ನಾಟಕ ಸರ್ಕಾರ

ಮಾನ್ಯರೇ,

ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡು, ಅದರ ಮೇಲೆ ಕಟ್ಟಿ ನಿಂತ ಮೂತ್ರವೆಲ್ಲ ಕೀವಾಗಿ, ಚಳಿಜ್ವರದ ಜೊತೆಗೆ ರಕ್ತದೊತ್ತಡವೂ ಕುಸಿಯುತ್ತಿರುವ ರೋಗಿ ಜಿಲ್ಲಾ ಆಸ್ಪತ್ರೆಗೆ ಬಂದರೆ ಆಗಬೇಕಾದ ಕೆಲಸ ಒಂದೇ. ಆ ಕೀವು ಆದಷ್ಟು ಬೇಗ ಹೊರಗೆ ಹರಿಯಬೇಕು. ಅಲ್ಟ್ರಾಸೌಂಡ್ ನೋಡಿಕೊಂಡು ಬೆನ್ನ ಬದಿಯಿಂದ ಸೂಜಿ ಹಾಕಿ, ತಂತಿ ಇಳಿಸಿ, 8 ಫ್ರೆಂಚ್ (ಪೈಪಿನ ದಪ್ಪದ ಅಳತೆ) ಪೈಪು ಕೂರಿಸಲು ಪಳಗಿದ ಕೈಗೆ ಅರ್ಧ ಗಂಟೆ ಬೇಕು. ಪೂರ್ತಿ ಅರಿವಳಿಕೆ ಬೇಡ, ಚರ್ಮ ಮರಗಟ್ಟಿಸಿದರೆ ಸಾಕು. ಇಷ್ಟಕ್ಕೂ ರೋಗಿಯನ್ನು ನೂರಾರು ಕಿಲೋಮೀಟರ್ ದೂರದ ಊರಿಗೆ ಕಳಿಸುವ ಪದ್ಧತಿ ಹಲವು ಜಿಲ್ಲೆಗಳಲ್ಲಿ ಇನ್ನೂ ಇದೆ. ಕೀವು ಮಾತ್ರ ಆಂಬ್ಯುಲೆನ್ಸ್ ತಲುಪುವವರೆಗೆ ಕಾಯುವುದಿಲ್ಲ.

ಹೀಗೆ ಚಿತ್ರ ನೋಡಿಕೊಂಡು ಸೂಜಿ, ತಂತಿ, ಪೈಪುಗಳಿಂದ ಚಿಕಿತ್ಸೆ ಮಾಡುವ ಇಂಟರ್ವೆನ್ಷನಲ್ ರೇಡಿಯಾಲಜಿ ಎಂದಾಗ ಕಡತದಲ್ಲಿ ಮೊದಲು ಬರುವುದು ಕೋಟಿಗಟ್ಟಲೆ ಬೆಲೆಯ ಯಂತ್ರದ ಪ್ರಸ್ತಾವ. ಆ ಕ್ರಮವನ್ನು ತಿರುಗಿಸಿ ಎಂದು ಕೇಳಲು ಈ ಪತ್ರ. ಅಲ್ಟ್ರಾಸೌಂಡ್, ಸಿ-ಆರ್ಮ್ (ಓಡಾಡಿಸಬಹುದಾದ ಎಕ್ಸ್‌ರೇ ಯಂತ್ರ) ಮತ್ತು ರೇಡಿಯಾಲಜಿಸ್ಟ್ ಇರುವ ಜಿಲ್ಲಾ ಆಸ್ಪತ್ರೆಯಲ್ಲಿ ಈ ವಿಭಾಗದ ಅರ್ಧ ಕೆಲಸ ನಾಳೆಯೇ ಶುರುವಾಗಬಹುದು. ಕೊರತೆ ಇರುವುದು ಸರಿಯಾದ ಪೈಪು, ತಂತಿ, ಒಬ್ಬ ತರಬೇತಾದ ನರ್ಸ್, ಮತ್ತು ಹಾಕಿದ ಪೈಪನ್ನು ಆಮೇಲೆ ಯಾರು ನೋಡಿಕೊಳ್ಳಬೇಕು ಎಂಬ ಲಿಖಿತ ಆದೇಶ.

ವಿದ್ಯೆ ಹೊಸದೇನಲ್ಲ. ಸೂಜಿಯ ಮೂಲಕ ತಂತಿ, ತಂತಿಯ ಮೇಲೆ ಕ್ಯಾತಿಟರ್ (ತೆಳು ಕೊಳವೆ) ಎಂಬ ಕ್ರಮವನ್ನು ಸ್ವೀಡನ್ನಿನ ಸ್ವೆನ್ ಇವಾರ್ ಸೆಲ್ಡಿಂಗರ್ ಪ್ರಕಟಿಸಿದ್ದು 1953ರಲ್ಲಿ. ಕಟ್ಟಿಕೊಂಡ ಕಾಲಿನ ಅಪಧಮನಿಯನ್ನು ಚಾರ್ಲ್ಸ್ ಡಾಟರ್ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಕ್ಯಾತಿಟರ್ ಮೂಲಕವೇ ಬಿಡಿಸಿದ್ದು 1964ರಲ್ಲಿ. ಹೆರಿಗೆ ನಂತರದ ರಕ್ತಸ್ರಾವವನ್ನು ಕ್ಯಾತಿಟರ್ ಮೂಲಕ ರಕ್ತನಾಳ ಮುಚ್ಚಿ ನಿಲ್ಲಿಸಿದ ಮೊದಲ ವರದಿ 1979ರದು.

ಯಾವ ಕೆಲಸ ಎಲ್ಲಿ ನಡೆಯಬೇಕು ಎಂಬುದನ್ನು ಮೊದಲು ತೀರ್ಮಾನಿಸಬೇಕು. ಕಿಡ್ನಿಗೆ ಪೈಪು ಹಾಕುವ ನೆಫ್ರಾಸ್ಟಮಿ, ಯಕೃತ್ತು ಮತ್ತು ಹೊಟ್ಟೆಯ ಕೀವುಗಡ್ಡೆಗಳ ಡ್ರೈನೇಜ್, ಎದೆಗೂಡಿನ ನೀರು ತೆಗೆಯುವುದು, ಬಯಾಪ್ಸಿ ಇವೆಲ್ಲ ಪ್ರತಿ ಜಿಲ್ಲಾ ಆಸ್ಪತ್ರೆಯ ಕೆಲಸ. ರಕ್ತನಾಳ ಮುಚ್ಚಿ ರಕ್ತಸ್ರಾವ ನಿಲ್ಲಿಸುವ ಎಂಬೋಲೈಸೇಷನ್, ಡಯಾಲಿಸಿಸ್‌ಗೆಂದು ತೋಳಿನ ಅಪಧಮನಿ–ಅಭಿಧಮನಿ ಜೋಡಿಸಿ ಮಾಡಿದ ಫಿಸ್ಟುಲಾ ಕಿರಿದಾದಾಗ ಬಿಡಿಸುವುದು ಇವು, ರಕ್ತನಾಳಗಳನ್ನು ಎಕ್ಸ್‌ರೇಯಲ್ಲಿ ನೋಡುತ್ತಾ ಕೆಲಸ ಮಾಡುವ ಕ್ಯಾಥ್‌ಲ್ಯಾಬ್ ಇರುವ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಕೆಲಸ. ಮೆದುಳಿನ ರಕ್ತನಾಳದ ಹೆಪ್ಪು ತೆಗೆಯುವುದು, ಅನ್ಯೂರಿಸಂ (ರಕ್ತನಾಳದ ಗೋಡೆಯ ಉಬ್ಬು) ಮುಚ್ಚುವುದು, ಯಕೃತ್ತಿನ ಕ್ಯಾನ್ಸರ್‌ಗೆ ರಕ್ತನಾಳದ ಮೂಲಕ ಔಷಧಿ ಕೊಡುವುದು ಇವು ನಿಮ್ಹಾನ್ಸ್, ಕಿದ್ವಾಯಿಯಂಥ ಕೆಲವೇ ಕೇಂದ್ರಗಳಲ್ಲಿ ಇರಲಿ. ವರ್ಷಕ್ಕೆ ಬೆರಳೆಣಿಕೆಯಷ್ಟು ಮಾಡುವ ಕಡೆ ಇಂಥ ಕೆಲಸದ ಕೈ ಪಳಗುವುದಿಲ್ಲ. ಪಾರ್ಶ್ವವಾಯುವಿನಲ್ಲಿ ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಹೆಪ್ಪು ತೆಗೆಯುವುದರಿಂದ ಪ್ರಯೋಜನವಿದೆ ಎಂದು 2018ರ ಡಾನ್ ಅಧ್ಯಯನ ತೋರಿಸಿತು. ಅಲ್ಲಿ ಜಿಲ್ಲೆಯ ಪಾತ್ರ ಬೇಗ ಸಿಟಿ ಆಂಜಿಯೋ (ರಕ್ತನಾಳಗಳ ಸಿಟಿ ಸ್ಕ್ಯಾನ್) ಮಾಡಿ, ಚಿತ್ರ ಕಳಿಸಿ, ರೋಗಿಯನ್ನು ಹೊರಡಿಸುವುದು. ಅದು ಬೇರೆಯದೇ ಪತ್ರದ ವಿಷಯ.

ಈಗ ನೆಫ್ರಾಸ್ಟಮಿಯನ್ನೇ ಹತ್ತಿರದಿಂದ ನೋಡಿ. ರೋಗಿಯನ್ನು ಬೋರಲು ಅಥವಾ ನೋವಿನ ಬದಿ ಮೇಲೆ ಬರುವಂತೆ ವಾರೆಯಾಗಿ ಮಲಗಿಸುತ್ತಾರೆ. ಆಂಟಿಬಯೋಟಿಕ್ ಅಷ್ಟರಲ್ಲಿ ರಕ್ತಕ್ಕೆ ಸೇರಿರಬೇಕು, ಪೈಪು ಹಾಕಿದ ಮೇಲೆ ಕೊಡೋಣ ಎನ್ನುವಂತಿಲ್ಲ. 18 ಗೇಜ್ ಸೂಜಿ ಕಿಡ್ನಿಯ ಕೆಳಭಾಗದ ಹಿಂಬದಿಯ ಕ್ಯಾಲಿಕ್ಸನ್ನು (ಮೂತ್ರ ಸೇರುವ ಸಣ್ಣ ಬಟ್ಟಲು) ಅದರ ತುದಿಯಿಂದ ಹೊಗಬೇಕು. ಮುಂದಿನ ಮತ್ತು ಹಿಂದಿನ ರಕ್ತನಾಳಗಳ ಹಂಚಿಕೆಯ ನಡುವೆ ದೊಡ್ಡ ನಾಳಗಳಿಲ್ಲದ ಪಟ್ಟಿ ಇರುವುದು ಅಲ್ಲಿ. ಈ ಬಟ್ಟಲುಗಳೆಲ್ಲ ಬಂದು ಸೇರುವ, ಹಿಗ್ಗಿದ ಪೆಲ್ವಿಸ್‌ಗೆ ನೇರ ಚುಚ್ಚುವುದು ಹೊಸಬರಿಗೆ ಸಲೀಸೆನಿಸುತ್ತದೆ. ಆದರೆ ದೊಡ್ಡ ರಕ್ತನಾಳ ಸೂಜಿಗೆ ಸಿಗುವುದು ಅಲ್ಲೇ, ಪೈಪು ಗಟ್ಟಿಯಾಗಿ ಕೂರದೆ ಜಾರುವುದೂ ಅಲ್ಲೇ.

ಮೂತ್ರ ಬಂದ ಕೂಡಲೇ 5ರಿಂದ 10 ಮಿ.ಲೀ. ತೆಗೆದು ಕಲ್ಚರ್‌ಗೆ ಕಳಿಸಬೇಕು. ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ಕಾಣುವ ದ್ರವ) ಹಾಕುವುದಿದ್ದರೆ ತೆಗೆದದ್ದಕ್ಕಿಂತ ಕಡಿಮೆ, ಅದೂ ನಿಧಾನವಾಗಿ. ಕೀವು ತುಂಬಿದ ಕಿಡ್ನಿಯೊಳಗೆ ಒತ್ತಿ ಕಾಂಟ್ರಾಸ್ಟ್ ತಳ್ಳಿದರೆ ಬ್ಯಾಕ್ಟೀರಿಯಾ ಸೀದಾ ರಕ್ತಕ್ಕೆ ನುಗ್ಗುತ್ತವೆ. ಸ್ವಲ್ಪ ಹೊತ್ತಿನಲ್ಲೇ ನಡುಕ ಶುರುವಾಗಿ ಬಿಪಿ ಬೀಳುತ್ತದೆ. ಚಿತ್ರ ಚೆನ್ನಾಗಿ ಬರಲಿ ಎಂಬ ಆಸೆಗೆ ಬಲಿಯಾಗುವುದು ರೋಗಿ. ತಡೆ ಎಲ್ಲಿದೆ ಎಂದು ನೋಡುವ ನೆಫ್ರಾಸ್ಟೋಗ್ರಾಮ್ ಜ್ವರ ಇಳಿದ ಮೇಲೆ ಮಾಡಿದರೂ ನಡೆಯುತ್ತದೆ. ಆಮೇಲೆ 0.035 ಇಂಚಿನ ಗಟ್ಟಿ ತಂತಿ, ಅದರ ಮೇಲೆ 6, 7, 8 ಎಂದು ಒಂದೊಂದಾಗಿ ದಾರಿ ಹಿಗ್ಗಿಸುವ ಡೈಲೇಟರ್, ಕೊನೆಗೆ ಪೈಪು. ತಂತಿ ಮಡಚಿಕೊಳ್ಳುವುದು ಬಹುತೇಕ ಡೈಲೇಟರ್ ಹೋಗುವಾಗ. ಮಡಚಿದ ತಂತಿಯ ಮೇಲೆ ಬಲ ಹಾಕಿದರೆ ಡೈಲೇಟರ್ ದಾರಿ ಬಿಟ್ಟು ಕಿಡ್ನಿಯ ಹೊರಗೆ ಹೋಗುತ್ತದೆ. ಬೇರೆ ತಂತಿ ತೆಗೆದುಕೊಳ್ಳಬೇಕು. ಆಗ ಕಪಾಟಿನಲ್ಲಿ ಇನ್ನೊಂದು ತಂತಿ ಇರಬೇಕು ಎಂಬುದೇ ನಮ್ಮ ಮಾತು.

ರಕ್ತ ಹೆಪ್ಪುಗಟ್ಟುವಿಕೆಯ ಮಿತಿಯೂ ತಲೆನೋವಿನ ವಿಷಯ. ಅಮೆರಿಕದ ಸೊಸೈಟಿ ಆಫ್ ಇಂಟರ್ವೆನ್ಷನಲ್ ರೇಡಿಯಾಲಜಿಯ 2019ರ ಮಾರ್ಗಸೂಚಿ ನೆಫ್ರಾಸ್ಟಮಿಯನ್ನು ಹೆಚ್ಚು ರಕ್ತಸ್ರಾವದ ಅಪಾಯವಿರುವ ಗುಂಪಿಗೆ ಸೇರಿಸಿದೆ: ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) 1.5–1.8 ಮೀರದಂತೆ, ಪ್ಲೇಟ್‌ಲೆಟ್ 50,000ಕ್ಕಿಂತ ಮೇಲೆ. ಆದರೆ ಸೋಂಕು ರಕ್ತಕ್ಕೆ ಏರಿ ಸೆಪ್ಸಿಸ್‌ನಲ್ಲಿರುವ ರೋಗಿಯ ಐಎನ್‌ಆರ್ ಕೆಟ್ಟಿರುವುದೇ ಆ ಕೀವಿನಿಂದ. ಅಂಕಿ ಸರಿಯಾಗುವವರೆಗೆ ಕಾದರೆ ಅದು ಸರಿಯಾಗುವುದೇ ಇಲ್ಲ. ಪ್ಲಾಸ್ಮಾ ಕೊಡುತ್ತಲೇ ಮುಂದುವರಿಯಬೇಕಾದ ಸಂದರ್ಭಗಳಿವೆ. ಯಾರು ಈ ತೀರ್ಮಾನ ತೆಗೆದುಕೊಳ್ಳಬಹುದು ಎಂದು ಬರೆದಿಡದಿದ್ದರೆ ಕಿರಿಯ ವೈದ್ಯರು ರೆಫರ್ ಮಾಡಿ ಕೈತೊಳೆದುಕೊಳ್ಳುತ್ತಾರೆ. ಅವರನ್ನು ದೂರಿ ಫಲವಿಲ್ಲ.

ಯಕೃತ್ತಿನ ಕೀವುಗಡ್ಡೆಗೆ 8 ಫ್ರೆಂಚ್ ಸಾಲದು. ಗಟ್ಟಿ ಕೀವಿಗೆ 12, ಕೆಲವೊಮ್ಮೆ 14 ಬೇಕು. ಸೂಜಿ ಸ್ವಲ್ಪವಾದರೂ ಆರೋಗ್ಯವಂತ ಯಕೃತ್ತನ್ನು ಹಾದು ಗಡ್ಡೆ ಸೇರಬೇಕು, ಆಗ ಹೊಟ್ಟೆಯೊಳಗೆ ಸೋರುವುದು ಕಡಿಮೆ. ಪೈಪಿನ ಪಕ್ಕದ ರಂಧ್ರಗಳಲ್ಲಿ ಒಂದೇ ಒಂದು ಗಡ್ಡೆಯ ಹೊರಗೆ ಉಳಿದರೂ ಆ ಲಾಭ ಹೋಯಿತು. ವಾರ್ಡಿನಲ್ಲಿ ಎಂಟು ಗಂಟೆಗೊಮ್ಮೆ 10 ಮಿ.ಲೀ. ಸಲೈನ್ ಹಾಕಿ ತೊಳೆಯಬೇಕು, ಹಾಕಿದ್ದನ್ನು ಲೆಕ್ಕದಿಂದ ಕಳೆಯಬೇಕು. ಇದನ್ನು ಕಳೆಯದೆ ದಿನಕ್ಕೆ 30 ಮಿ.ಲೀ. ಬರುತ್ತಿದೆ ಎಂದು ಬರೆದಿಟ್ಟು, ಖಾಲಿಯಾದ ಗಡ್ಡೆಯಲ್ಲಿ ಪೈಪನ್ನು ವಾರಗಟ್ಟಲೆ ಬಿಟ್ಟ ಕೇಸ್‌ಶೀಟುಗಳು ಅಪರೂಪವೇನಲ್ಲ. ಅದರ ತದ್ವಿರುದ್ಧವೂ ಉಂಟು: ನಿನ್ನೆ 150 ಮಿ.ಲೀ. ಬರುತ್ತಿದ್ದದ್ದು ಇವತ್ತು ಸೊನ್ನೆ ಎಂದರೆ ಗುಣವಾಯಿತೆಂದು ಅರ್ಥವಲ್ಲ, ಪೈಪು ಕಟ್ಟಿದೆ. ಜ್ವರ ಇಳಿದು, ದಿನಕ್ಕೆ 10–20 ಮಿ.ಲೀ.ಗಿಂತ ಕಡಿಮೆಯಾಗಿ, ಅಲ್ಟ್ರಾಸೌಂಡಿನಲ್ಲೂ ಗಡ್ಡೆ ಕುಗ್ಗಿದ್ದರೆ ಮಾತ್ರ ತೆಗೆಯಬೇಕು.

ಇನ್ನು ಖರೀದಿ. ಇಂಡೆಂಟಿನಲ್ಲಿ ‘ಪಿಗ್‌ಟೇಲ್ ಕ್ಯಾತಿಟರ್’ ಎಂದಷ್ಟೇ ಬರೆದರೆ ಬರುವ ಪೆಟ್ಟಿಗೆಯಲ್ಲಿ ಹೃದ್ರೋಗ ವಿಭಾಗದವರು ಬಳಸುವ 5 ಫ್ರೆಂಚ್ ಆಂಜಿಯೋ ಪಿಗ್‌ಟೇಲ್ ಇರಬಹುದು. ಹೆಸರು ಅದೇ, ತುದಿಯ ಸುರುಳಿಯೂ ಅದೇ. ಆದರೆ ಅದು ಮೀಟರಿಗಿಂತ ಉದ್ದ, ರಂಧ್ರಗಳು ಸಣ್ಣವು, ಸುರುಳಿಗೆ ಬೀಗವಿಲ್ಲ. ಅದರಲ್ಲಿ ಕೀವು ಹರಿಯುವುದಿಲ್ಲ, ಅದು ದೇಹದೊಳಗೆ ನಿಲ್ಲುವುದೂ ಇಲ್ಲ. ಕಡಿಮೆ ದರದವರಿಗೆ ಕೊಡುವ ಟೆಂಡರಿನಲ್ಲಿ ವಿವರಣೆ ಸಡಿಲವಾಗಿದ್ದರೆ ತಪ್ಪು ವಸ್ತು ನಿಯಮಬದ್ಧವಾಗಿಯೇ ಬರುತ್ತದೆ. ಆದ್ದರಿಂದ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಪಟ್ಟಿಯಲ್ಲಿ ವಿವರಣೆ ಹೀಗಿರಲಿ: ದಾರದಿಂದ ಸುರುಳಿ ಬಿಗಿಯುವ ಡ್ರೈನೇಜ್ ಕ್ಯಾತಿಟರ್, 25–30 ಸೆಂ.ಮೀ. ಉದ್ದ, ದೊಡ್ಡ ಪಕ್ಕರಂಧ್ರಗಳು, ಒಳಗೆ ಲೋಹದ ಗಟ್ಟಿ ನಳಿಗೆ, 0.035 ಇಂಚಿನ ತಂತಿ ಹಾಯುವಂಥದ್ದು. 8, 10, 12, 14 ಫ್ರೆಂಚ್. ತಂತಿಗೆ: ತುದಿ ಮಾತ್ರ ಮೆದುವಾದ ಸ್ಟಿಫ್ ತಂತಿ, 75–80 ಸೆಂ.ಮೀ. 150 ಸೆಂ.ಮೀ. ತಂತಿ ಕೊಟ್ಟರೆ ಅದರ ಬಾಲ ಸ್ಟೆರೈಲ್ ಬಟ್ಟೆಯಿಂದ ನೆಲಕ್ಕೆ ಇಳಿಯುತ್ತದೆ. ಜೊತೆಗೆ 18 ಗೇಜ್ ಸೂಜಿ, ಡೈಲೇಟರ್ ಸೆಟ್, ಮೂರು ದಾರಿಯ ಸ್ಟಾಪ್‌ಕಾಕ್, ಪೈಪಿಗೆ ನೇರ ಹೊಂದುವ ಕನೆಕ್ಟರ್ ಇರುವ ಚೀಲ. ಕೊನೆಯದನ್ನು ಮರೆತರೆ ಇಷ್ಟೆಲ್ಲ ಮಾಡಿದ ಮೇಲೆ ಗ್ಲೌಸ್ ಬೆರಳು ಕಟ್ಟಿ ಕೀವು ಹಿಡಿಯಬೇಕಾಗುತ್ತದೆ.

ತಾಲ್ಲೂಕು ಮಟ್ಟದಲ್ಲಿ ಕೆಡುವುದು ಪೈಪಿನ ಮುಂದಿನ ಬದುಕು. ನೆಫ್ರಾಸ್ಟಮಿ ಪೈಪನ್ನು 8ರಿಂದ 12 ವಾರಕ್ಕೊಮ್ಮೆ ಬದಲಿಸಬೇಕು, ಇಲ್ಲದಿದ್ದರೆ ಲವಣ ಕಟ್ಟಿಕೊಂಡು ಒಳಗೇ ಕಚ್ಚಿಕೊಳ್ಳುತ್ತದೆ. ತೊಳೆಯುವಾಗ 5 ಮಿ.ಲೀ. ಸಾಕು, ಕಿಡ್ನಿಯ ಪೆಲ್ವಿಸ್ ಹಿಡಿಯುವುದೇ ಅಷ್ಟು. ತೆಗೆಯುವಾಗ ಹಬ್ (ಪೈಪಿನ ಹೊರತುದಿ) ಬಳಿಯ ಬೀಗ ಬಿಡಿಸಿ ದಾರ ಸಡಿಲಗೊಳಿಸಿದರೆ ಮಾತ್ರ ಒಳಗಿನ ಸುರುಳಿ ನೇರವಾಗುತ್ತದೆ. ಬೀಗದ ವಿನ್ಯಾಸ ಕಂಪನಿಯಿಂದ ಕಂಪನಿಗೆ ಬೇರೆ: ಕೆಲವು ತಿರುಗಿಸುವುದು, ಕೆಲವು ಕೀಲಿಯಂತೆ ಒತ್ತುವುದು, ಕೆಲವಕ್ಕೆ ದಾರವನ್ನೇ ಕತ್ತರಿಸಬೇಕು. ಹಾಗೇ ಎಳೆದರೆ ಅಂಗಾಂಶ ಹರಿದು ರಕ್ತ ಬರುತ್ತದೆ, ಪೈಪು ತುಂಡಾಗುವುದೂ ಉಂಟು. ಡಿಸ್ಚಾರ್ಜ್ ಚೀಟಿಯಲ್ಲಿ ‘ಮೂರು ತಿಂಗಳ ನಂತರ ಬನ್ನಿ’ ಎಂಬ ಒಂದು ಸಾಲಿನಿಂದ ಇದು ಯಾವುದೂ ರೋಗಿಗಾಗಲಿ, ಊರಿನ ನರ್ಸ್‌ಗಾಗಲಿ ತಿಳಿಯುವುದಿಲ್ಲ. ಪ್ರತಿ ಪೈಪಿಗೂ ಕನ್ನಡದಲ್ಲಿ ಒಂದು ಕಾರ್ಡ್ ಕೊಡಿ: ಯಾವ ಅಂಗ, ಎಷ್ಟು ಫ್ರೆಂಚ್, ಯಾವ ಬೀಗ, ಬದಲಿಸುವ ದಿನಾಂಕ, ರಾತ್ರಿ ಪೈಪು ಜಾರಿದರೆ ಯಾರಿಗೆ ಫೋನ್ ಮಾಡಬೇಕು. ಜಾರಿದ ದಿನವೇ ಬಂದರೆ ಹಳೆಯ ದಾರಿಯಲ್ಲೇ ತಂತಿ ಇಳಿಸಬಹುದು. ತಡವಾದರೆ ದಾರಿ ಮುಚ್ಚಿ ಮತ್ತೆ ಸೂಜಿ ಹಾಕಬೇಕಾಗುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೊಂದು ಗೊತ್ತಾದ ದಿನ ‘ಪೈಪ್ ಒಪಿಡಿ’ ಇಟ್ಟರೆ ಸಾಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಪ್ಯಾಕೇಜ್ ದರ ನಿಗದಿ ಮಾಡುವಾಗ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಈ ಬದಲಾವಣೆಯ ಭೇಟಿಗಳನ್ನೂ ಮೊದಲ ಪೈಪಿನ ಜೊತೆಗೇ ಲೆಕ್ಕಕ್ಕೆ ಹಿಡಿಯಬೇಕು.

ಅಲ್ಟ್ರಾಸೌಂಡ್ ಯಂತ್ರದ ಬಗ್ಗೆ ಒಂದು ಸ್ಪಷ್ಟನೆ ಬೇಕು. ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯ ಭಯದಿಂದ ಹಲವು ಕಡೆ ಯಂತ್ರ ಒಂದೇ ಕೋಣೆಯಲ್ಲಿ ಬೀಗದೊಳಗಿರುತ್ತದೆ. ರಾತ್ರಿ ಐಸಿಯುಗೆ ತರಲು ಯಾರೂ ಮುಂದಾಗುವುದಿಲ್ಲ. ನೋಂದಾಯಿತ ಆವರಣದೊಳಗೆ ಒಳರೋಗಿಗಳಿಗೆ ಪೋರ್ಟಬಲ್ ಯಂತ್ರ ಬಳಸಲು ನಿಯಮದಲ್ಲೇ ಅವಕಾಶವಿದೆ. ಇದನ್ನು ಜಿಲ್ಲಾ ಸಮುಚಿತ ಪ್ರಾಧಿಕಾರಗಳ ಮೂಲಕ ಒಂದು ಪುಟದ ಸುತ್ತೋಲೆಯಾಗಿ ಕೊಟ್ಟರೆ, ನೆಫ್ರಾಸ್ಟಮಿಯ ಸಂಖ್ಯೆ ಆ ಕಾರಣಕ್ಕೇ ಏರುತ್ತದೆ.

ಎರಡನೆಯ ಹಂತದಲ್ಲಿ, ಅಂದರೆ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ, ನಾವು ಎಲ್ಲಕ್ಕಿಂತ ಮೇಲೆ ಇಡುವುದು ಬಾಣಂತಿಯರ ರಕ್ತಸ್ರಾವ. ಆಕ್ಸಿಟೋಸಿನ್, ಹೆರಿಗೆಯಾದ ಮೂರು ಗಂಟೆಯೊಳಗೆ ರಕ್ತಸ್ರಾವ ತಗ್ಗಿಸುವ 1 ಗ್ರಾಂ ಟ್ರಾನೆಕ್ಸಾಮಿಕ್ ಆಸಿಡ್, ಗರ್ಭಕೋಶದೊಳಗೆ ಬಲೂನ್ ಇವು ಮೊದಲ ಮೆಟ್ಟಿಲುಗಳು. ಇವನ್ನು ಯಾರೂ ಬಿಟ್ಟುಬಿಡಬಾರದು. ಇಷ್ಟಾದರೂ ರಕ್ತ ನಿಲ್ಲದೆ, ಆದರೆ ರಕ್ತ–ಸಲೈನ್ ಕೊಟ್ಟರೆ ಬಿಪಿ ಹಿಡಿದುಕೊಳ್ಳುತ್ತಿರುವ ತಾಯಿಗೆ ಗರ್ಭಕೋಶ ತೆಗೆಯುವ ಮುಂಚೆ ಎಂಬೋಲೈಸೇಷನ್‌ಗೆ ಅವಕಾಶ ಸಿಗಬೇಕು. ಪ್ರಕಟವಾದ ಅಧ್ಯಯನಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಇದರಿಂದ ರಕ್ತ ನಿಂತಿದೆ. ಬಿಪಿ ಹಿಡಿಯದೇ ಇದ್ದರೆ ಅಥವಾ ಗರ್ಭಕೋಶ ಒಡೆದಿದ್ದರೆ ಆಕೆಯ ಜಾಗ ಆಪರೇಷನ್ ಥಿಯೇಟರ್, ಕ್ಯಾಥ್‌ಲ್ಯಾಬ್ ಅಲ್ಲ.

ತೊಡೆಸಂದಿನ ಅಪಧಮನಿಗೆ 5 ಫ್ರೆಂಚ್ ಶೀತ್ (ಕ್ಯಾತಿಟರ್ ಹೋಗಿಬರಲು ನಾಳದಲ್ಲಿ ಇರಿಸುವ ಕೊಳವೆ) ಹಾಕಿ, ಎದುರು ಬದಿಯ, ಸೊಂಟದೊಳಗಿನ ಆಂತರಿಕ ಇಲಿಯಾಕ್ ಅಪಧಮನಿಗೆ ದಾಟಿ, ಅದರ ಮುಂಬದಿಯ ಕವಲಿನಿಂದ ಗರ್ಭಕೋಶದ ಅಪಧಮನಿಯನ್ನು ಹುಡುಕುತ್ತಾರೆ. ಆಘಾತದಲ್ಲಿರುವ ತಾಯಿಯ ರಕ್ತನಾಳಗಳು ಸೆಟೆದು ದಾರದಷ್ಟು ಸಣ್ಣಗಾಗಿರುತ್ತವೆ. ಆಗ ತುದಿಯವರೆಗೆ ಹೋಗಲೇಬೇಕೆಂದು ಹಟ ಹಿಡಿದು ಇಪ್ಪತ್ತು ನಿಮಿಷ ಕಳೆಯುವುದು ತಪ್ಪು, ಆ ಮುಂಬದಿಯ ಕವಲಿನಲ್ಲೇ ನಿಂತು ಮುಚ್ಚಬೇಕು. ಮುಚ್ಚಲು ಬಳಸುವುದು ಪ್ರತಿ ಆಪರೇಷನ್ ಥಿಯೇಟರಿನಲ್ಲೂ ಇರುವ ಜೆಲಟಿನ್ ಸ್ಪಾಂಜ್. ಅದನ್ನು 1–2 ಮಿ.ಮೀ. ಚೂರುಗಳಾಗಿ ಕತ್ತರಿಸಿ, ಅರ್ಧ ಕಾಂಟ್ರಾಸ್ಟ್ ಅರ್ಧ ಸಲೈನ್ ಜೊತೆಗೆ, ಸ್ಟಾಪ್‌ಕಾಕ್‌ಗೆ ಜೋಡಿಸಿದ ಎರಡು ಸಿರಿಂಜುಗಳ ನಡುವೆ ಹತ್ತು ಹದಿನೈದು ಸಲ ಅತ್ತಿತ್ತ ತಳ್ಳಿದರೆ ಗಂಜಿಯಂತಾಗುತ್ತದೆ. ಪುಡಿ ರೂಪದ ಜೆಲಟಿನ್ ಬಳಸಲೇಬಾರದು: ಆ ಕಣಗಳು ಕಟ್ಟಕಡೆಯ ಸೂಕ್ಷ್ಮನಾಳಗಳವರೆಗೆ ಹೋಗಿ ಗರ್ಭಕೋಶ, ಮೂತ್ರಕೋಶ, ನರಗಳಿಗೂ ರಕ್ತ ತಪ್ಪಿಸುತ್ತವೆ. ಸ್ಪಾಂಜ್ ಚೂರು ಕೆಲವು ವಾರಗಳಲ್ಲಿ ಕರಗಿ ನಾಳ ಮತ್ತೆ ತೆರೆದುಕೊಳ್ಳುತ್ತದೆ. ಮುಟ್ಟು ಮರಳುವುದು, ಮತ್ತೆ ಬಸಿರಾಗುವುದು ದಾಖಲಾಗಿದೆ.

ಒಂದು ಬದಿ ಮುಚ್ಚಿ ರಕ್ತ ನಿಂತಂತೆ ಕಂಡರೂ ಇನ್ನೊಂದು ಬದಿ ಮುಚ್ಚದೆ ಏಳಬಾರದು, ಎರಡು ಬದಿಗೂ ಒಳಸಂಪರ್ಕವಿದೆ. ಎರಡೂ ಮುಚ್ಚಿದ ಮೇಲೂ ರಕ್ತ ಬರುತ್ತಿದ್ದರೆ ಅಂಡಾಶಯದ ಅಪಧಮನಿಯನ್ನು ನೋಡಬೇಕು, ಅದು ಕಿಡ್ನಿಯ ಮಟ್ಟದಲ್ಲಿ ಮಹಾಪಧಮನಿಯಿಂದಲೇ ಹೊರಡುತ್ತದೆ. ಶೀತ್ ಕೊಳವೆಯನ್ನು ಆ ರಾತ್ರಿಯೇ ಕೀಳುವ ಆತುರ ಬೇಡ. ಹೆಪ್ಪುಗಟ್ಟುವಿಕೆ ಕೆಟ್ಟಿರುವಾಗ ಕಿತ್ತರೆ ತೊಡೆಸಂದಿನಲ್ಲಿ ರಕ್ತ ತುಂಬುತ್ತದೆ. ಮತ್ತೆ ರಕ್ತಸ್ರಾವವಾದರೆ ಒಳಹೋಗುವ ದಾರಿಯೂ ತಪ್ಪುತ್ತದೆ.

ಇಲ್ಲಿ ಪ್ರಸೂತಿ ತಜ್ಞರ ಜೊತೆ ಮೊದಲೇ ಒಪ್ಪಂದ ಬೇಕಾದ ವಿಷಯ ಒಂದಿದೆ. ಆಂತರಿಕ ಇಲಿಯಾಕ್ ಅಪಧಮನಿಯನ್ನು ಎರಡೂ ಬದಿ ಕಟ್ಟಿದ ಮೇಲೆ ನಮ್ಮನ್ನು ಕರೆದರೆ, ಕ್ಯಾತಿಟರ್ ಹೋಗಬೇಕಾದ ಹೆದ್ದಾರಿಯೇ ಮುಚ್ಚಿರುತ್ತದೆ. ರಕ್ತ ಮಾತ್ರ ಅಡ್ಡದಾರಿಗಳಿಂದ ಹರಿಯುತ್ತಲೇ ಇರುತ್ತದೆ. ಕ್ಯಾಥ್‌ಲ್ಯಾಬ್ ಇರುವ ಆಸ್ಪತ್ರೆಯಲ್ಲಿ ಗಂಟು ಹಾಕುವ ಮುನ್ನ ಒಂದು ಫೋನ್ ಹೋಗಬೇಕು ಎಂಬುದು ಪ್ರೋಟೋಕಾಲ್ ಆಗಬೇಕು. ಹಿಂದೆ ಸಿಸೇರಿಯನ್ ಆಗಿದ್ದು, ಕಸ (ಮಾಸು) ಗರ್ಭಕೋಶದ ಗೋಡೆಗೆ ಬೇರುಬಿಟ್ಟಿದೆ ಎಂದು ಸ್ಕ್ಯಾನಿನಲ್ಲಿ ಅನುಮಾನ ಬಂದರೆ ಆ ಹೆರಿಗೆಯನ್ನು ಹಗಲು ಹೊತ್ತಿಗೆ, ರಕ್ತನಿಧಿ ಮತ್ತು ಕ್ಯಾಥ್‌ಲ್ಯಾಬ್ ಎರಡೂ ಇರುವ ಕಡೆಗೇ ನಿಗದಿ ಮಾಡಬೇಕು.

ಹೊಸ ಕ್ಯಾಥ್‌ಲ್ಯಾಬ್ ಕೊಳ್ಳುವಾಗ ಎರಡು ಸಾಲು ಗಮನಿಸಿ. ಹೃದಯಕ್ಕೆಂದೇ ಮಾಡಿದ ಯಂತ್ರದ ಡಿಟೆಕ್ಟರ್ ಸುಮಾರು 20 ಸೆಂ.ಮೀ. ಚೌಕದ್ದು. ಸೊಂಟ ಅಥವಾ ಯಕೃತ್ತು ಒಂದೇ ಚಿತ್ರದಲ್ಲಿ ಹಿಡಿಸುವುದಿಲ್ಲ. 30×40 ಸೆಂ.ಮೀ. ಡಿಟೆಕ್ಟರಿನಲ್ಲಿ ಹೃದಯದ ಕೆಲಸವೂ ನಡೆಯುತ್ತದೆ, ಉಳಿದದ್ದೂ ನಡೆಯುತ್ತದೆ. ಇನ್ನೊಂದು, ಮೂಳೆಯ ನೆರಳು ಕಳೆದು ರಕ್ತನಾಳವನ್ನಷ್ಟೇ ತೋರಿಸುವ ಡಿಎಸ್‌ಎ ಸಾಫ್ಟ್‌ವೇರ್ ಮೂಲ ದರದಲ್ಲೇ ಸೇರಿರಲಿ. ಅದನ್ನು ‘ಐಚ್ಛಿಕ’ ಎಂದು ಬಿಟ್ಟರೆ ಆಮೇಲೆ ಕೊಳ್ಳಲು ಮತ್ತೊಂದು ಕಡತ ಓಡಾಡಬೇಕು.

ಹಳೆಯ ಕ್ಷಯದ ಶ್ವಾಸಕೋಶದಿಂದ ಬಟ್ಟಲುಗಟ್ಟಲೆ ರಕ್ತ ಕೆಮ್ಮುವವರಿಗೂ ಇದೇ ಲ್ಯಾಬ್ ಸಾಕು. ಅಲ್ಲಿ ಒಂದೇ ಎಚ್ಚರಿಕೆ ಹೇಳುತ್ತೇವೆ: ಶ್ವಾಸನಾಳಗಳಿಗೆ ರಕ್ತ ಒಯ್ಯುವ ಬ್ರಾಂಕಿಯಲ್ ಅಪಧಮನಿಯ ಚಿತ್ರದಲ್ಲಿ ಹೇರ್‌ಪಿನ್ನಿನಂತೆ ಬಾಗಿದ, ಬೆನ್ನುಹುರಿಗೆ ಹೋಗುವ ಸಣ್ಣ ನಾಳ ಕಂಡರೆ ಅಲ್ಲಿಂದ ನಾಳ ಮುಚ್ಚುವ ಕಣ ಬಿಡಬಾರದು, ಮೈಕ್ರೋಕ್ಯಾತಿಟರ್ ಅದನ್ನು ದಾಟಿ ಸುರಕ್ಷಿತವಾಗಿ ನಿಲ್ಲದಿದ್ದರೆ ಕೈಬಿಡಬೇಕು. ಎರಡೂ ಕಾಲು ಶಾಶ್ವತವಾಗಿ ಹೋಗುವ ಅಪಾಯ ಅದು.

ಡಯಾಲಿಸಿಸ್ ಘಟಕಗಳನ್ನು ಸರ್ಕಾರ ತಾಲ್ಲೂಕಿನವರೆಗೆ ಒಯ್ದಿದೆ, ಅದು ಮೆಚ್ಚಬೇಕಾದ ಕೆಲಸ. ಆದರೆ ಆ ಕುರ್ಚಿಯಲ್ಲಿ ಕೂರುವವರ ತೋಳಿನ ಫಿಸ್ಟುಲಾ ಕಿರಿದಾದಾಗ ಯಾರೂ ನೋಡುವುದಿಲ್ಲ. ದಿನವೂ ಬೆರಳಿಟ್ಟರೆ ಜುಮ್ಮೆನ್ನಬೇಕಾದ ಕಡೆ ನಾಡಿಯಂತೆ ಬಡಿಯುತ್ತಿದ್ದರೆ, ಸೂಜಿ ತೆಗೆದ ಮೇಲೆ ರಕ್ತ ಬಹಳ ಹೊತ್ತು ನಿಲ್ಲದಿದ್ದರೆ, ಯಂತ್ರದ ವೀನಸ್ ಪ್ರೆಷರ್ (ರಕ್ತ ದೇಹಕ್ಕೆ ಮರಳುವ ಕಡೆಯ ಒತ್ತಡ) ವಾರದಿಂದ ವಾರಕ್ಕೆ ಏರುತ್ತಿದ್ದರೆ ಮುಂದೆಲ್ಲೋ ಕಿರಿದಾಗಿದೆ ಎಂದರ್ಥ. ಇದನ್ನು ಗುರುತಿಸಲು ಡಯಾಲಿಸಿಸ್ ಟೆಕ್ನಿಷಿಯನ್ ಸಾಕು. ಆ ಹಂತದಲ್ಲಿ 5ರಿಂದ 7 ಮಿ.ಮೀ. ಹೈಪ್ರೆಷರ್ ಬಲೂನಿನಿಂದ ಬಿಡಿಸಿ ಅದೇ ದಿನ ಮನೆಗೆ ಕಳಿಸಬಹುದು. ಸಾಮಾನ್ಯ ಬಲೂನ್ ತರಿಸಬೇಡಿ; ಫಿಸ್ಟುಲಾದ ಗಡುಸಾದ ಕಿರಿದು 20 ಅಟ್ಮಾಸ್ಫಿಯರ್ ಮೀರಿದ ಒತ್ತಡ ಕೇಳುತ್ತದೆ. ಪೂರ್ತಿ ಹೆಪ್ಪುಗಟ್ಟಿದ ಮೇಲೂ ಒಂದೆರಡು ದಿನದೊಳಗೆ ಬಂದರೆ ಉಳಿಸಿಕೊಳ್ಳಬಹುದು. ಅದೂ ತಪ್ಪಿದರೆ ಕುತ್ತಿಗೆಗೆ ತಾತ್ಕಾಲಿಕ ಪೈಪು, ಅದರ ಹಿಂದೆ ಸೋಂಕು.

ವಿಕಿರಣದ ವಿಷಯದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಪಡೆದು ಫ್ರೇಮ್ ಹಾಕಿ ಗೋಡೆಗೆ ತೂಗುಹಾಕಿದರೆ ಮುಗಿಯುವುದಿಲ್ಲ. ಸಿಬ್ಬಂದಿಗೆ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30. ಇದನ್ನು ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಸೀಸದ ಏಪ್ರನ್ ಒಳಗೆ ಎದೆಯ ಮೇಲಿರಬೇಕು. ಕಪಾಟಿನಲ್ಲಿಟ್ಟ ಬ್ಯಾಡ್ಜ್ ಯಾವಾಗಲೂ ‘ಸುರಕ್ಷಿತ’ ಎಂದೇ ವರದಿ ಕೊಡುತ್ತದೆ. ಮೇಜಿನ ಕೆಳಗಿನ ಸೀಸದ ಪರದೆ ಮತ್ತು ಮೇಲಿಂದ ತೂಗುವ ಗಾಜು ಟೆಂಡರಿನಲ್ಲೇ ಇರಲಿ. ಫ್ಲೋರೋಸ್ಕೋಪಿ (ಕೆಲಸದ ನಡುವೆ ನೋಡುವ ಚಲಿಸುವ ಎಕ್ಸ್‌ರೇ) ಸೆಕೆಂಡಿಗೆ 7.5 ಪಲ್ಸ್‌ನಲ್ಲಿ ಶುರುವಾಗಲಿ, ಅದು ಸಾಲದಿದ್ದಾಗ ಮಾತ್ರ 15. ಯಂತ್ರ ತೋರಿಸುವ ಏರ್ ಕೆರ್ಮಾ (ರೋಗಿಯ ಮೇಲೆ ಬಿದ್ದ ವಿಕಿರಣದ ಅಳತೆ) 5 ಗ್ರೇ ದಾಟಿದರೆ ಅದನ್ನು ಕೇಸ್‌ಶೀಟಿನಲ್ಲಿ ಬರೆದು, ಎರಡರಿಂದ ನಾಲ್ಕು ವಾರದಲ್ಲಿ ರೋಗಿಯ ಬೆನ್ನು ನೋಡಬೇಕು. ಹೇಳದೆ ಕಳಿಸಿದರೆ, ಬೆನ್ನ ಮೇಲೆದ್ದ ಚೌಕಾಕಾರದ ಕೆಂಪನ್ನು ಊರಿನ ವೈದ್ಯರು ಹುಳುಕಡ್ಡಿ ಅಂತಲೋ ಹಾಸಿಗೆ ಹುಣ್ಣು ಅಂತಲೋ ಎಣಿಸಿ ಮುಲಾಮು ಬರೆಯುತ್ತಾರೆ.

ಜನರ ಕೊರತೆ ನಿಜ. ಈ ವಿಭಾಗದ ಉನ್ನತ ಕೋರ್ಸುಗಳಾದ ಡಿಎಂ ಅಥವಾ ಎಫ್‌ಎನ್‌ಬಿ ಮುಗಿಸಿದವರು ಪ್ರತಿ ಜಿಲ್ಲೆಗೂ ಸಿಗುವ ಕಾಲ ಹತ್ತಿರದಲ್ಲಿಲ್ಲ. ಆದರೆ ಮೊದಲ ಹಂತದ ಕೆಲಸಕ್ಕೆ ಅವರೇ ಬೇಕಿಲ್ಲ. ಜಿಲ್ಲೆಯಲ್ಲಿ ಈಗಾಗಲೇ ಸ್ಕ್ಯಾನ್ ವರದಿ ಬರೆಯುತ್ತಿರುವ ರೇಡಿಯಾಲಜಿಸ್ಟ್‌ಗೆ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ತಿಂಗಳ ನಿಯೋಜನೆ, ಮೇಲ್ವಿಚಾರಣೆಯಲ್ಲಿ ಮಾಡಿದ ಕನಿಷ್ಠ 25 ಡ್ರೈನೇಜ್ ಮತ್ತು 25 ನೆಫ್ರಾಸ್ಟಮಿಗಳ ಲಾಗ್‌ಬುಕ್, ಜೊತೆಗೆ ಅದೇ ಆಸ್ಪತ್ರೆಯ ಒಬ್ಬ ನರ್ಸ್ ಮತ್ತು ಒಬ್ಬ ರೇಡಿಯೋಗ್ರಾಫರ್. ಮೂವರನ್ನೂ ಒಟ್ಟಿಗೆ ಕಳಿಸಬೇಕು. ವೈದ್ಯರೊಬ್ಬರೇ ಕಲಿತು ಬಂದರೆ ಮೊದಲ ರಾತ್ರಿಯೇ ಟ್ರೇ ಹಾಕುವವರಿಲ್ಲದೆ ಕೆಲಸ ನಿಲ್ಲುತ್ತದೆ. ವಾಪಸು ಬಂದವರನ್ನು ಎರಡು ವರ್ಷ ವರ್ಗ ಮಾಡಬೇಡಿ.

ಕೊನೆಯದು ಸಂಶೋಧನೆ, ಇದನ್ನು ಇಲಾಖೆ ಅಲಂಕಾರವೆಂದು ಬಗೆಯಬಾರದು. ನಮ್ಮ ಕ್ಷೇತ್ರದ ಬಹಳಷ್ಟು ಪ್ರಬಂಧಗಳು ‘ಟೆಕ್ನಿಕಲ್ ಸಕ್ಸೆಸ್’ ಎಷ್ಟು ಎಂದು ಹೇಳಿ ಮುಗಿಯುತ್ತವೆ. ಪೈಪು ಕೂತಿತು ಎಂಬುದು ಕೆಲಸ ಮಾಡಿದವರಿಗೆ ಸಂತೋಷ. ರೋಗಿ ಮೂವತ್ತನೆಯ ದಿನ ಹೇಗಿದ್ದರು ಎಂಬುದು ಬೇರೆ ಪ್ರಶ್ನೆ. ಪ್ಯಾಕ್ಲಿಟ್ಯಾಕ್ಸೆಲ್ ಔಷಧ ಲೇಪಿಸಿದ ಬಲೂನುಗಳ ಕಥೆ ನೋಡಿ. ಕಾಲಿನ ಅಪಧಮನಿಗೆ ಇವನ್ನು ಬಳಸಿದವರಲ್ಲಿ ವರ್ಷಗಳ ನಂತರ ಸಾವು ಹೆಚ್ಚು ಎಂದು 2018ರ ಕೊನೆಯಲ್ಲಿ ಒಂದು ಮೆಟಾ-ವಿಶ್ಲೇಷಣೆ ಹೇಳಿತು; ಹೆಚ್ಚಿನ ರೋಗಿಗಳ ದೀರ್ಘಕಾಲದ ಮಾಹಿತಿ ಸೇರಿದ ಮೇಲೆ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಆ ಅಪಾಯವನ್ನು ಮಾಹಿತಿ ಬೆಂಬಲಿಸುವುದಿಲ್ಲ ಎಂದಿತು. ವರ್ಷಗಟ್ಟಲೆ ರೋಗಿಗಳನ್ನು ಹಿಂಬಾಲಿಸದಿದ್ದರೆ ಎರಡರಲ್ಲಿ ಯಾವ ಮಾತನ್ನೂ ಪರೀಕ್ಷಿಸಲು ಆಗುತ್ತಿರಲಿಲ್ಲ.

ಕರ್ನಾಟಕದಲ್ಲಿ ಇದಕ್ಕೆ ಹೊಸ ಸಂಸ್ಥೆ ಬೇಡ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪ್ರತಿ ಎಂಡಿ ರೇಡಿಯಾಲಜಿ ವಿದ್ಯಾರ್ಥಿಯೂ ಪ್ರಬಂಧ ಬರೆಯಲೇಬೇಕು. ಇಂಥ ರೋಗ ಗುರುತಿಸಲು ಇಂಥ ಸ್ಕ್ಯಾನ್ ಎಷ್ಟು ನಿಖರ ಎಂಬ ವಿಷಯಗಳು ಪದೇ ಪದೇ ಬರುತ್ತವೆ, ಉತ್ತರ ಮೊದಲೇ ಗೊತ್ತಿರುತ್ತದೆ. ಅದರ ಬದಲು ಇಲ್ಲಿಯದೇ ಪ್ರಶ್ನೆಗಳಿವೆ. ಯಕೃತ್ತಿನ ಮಧ್ಯಮ ಗಾತ್ರದ ಅಮೀಬಿಕ್ ಕೀವುಗಡ್ಡೆಗೆ ಸೂಜಿಯಿಂದ ತೆಗೆದರೆ ಸಾಕೇ, ಪೈಪೇ ಬೇಕೇ? ಕ್ಷಯದಿಂದ ರಕ್ತ ಕೆಮ್ಮಿದವರಿಗೆ ಎಂಬೋಲೈಸೇಷನ್ ಆದ ಮೇಲೆ ವರ್ಷದೊಳಗೆ ಎಷ್ಟು ಮಂದಿಗೆ ಮರುಕಳಿಸುತ್ತದೆ? ಗರ್ಭಕಂಠದ ಕ್ಯಾನ್ಸರ್ ಬೆಳೆದು ಎರಡೂ ಮೂತ್ರನಾಳ ಮುಚ್ಚಿದ ಹೆಂಗಸಿಗೆ ಎರಡು ಪೈಪು ಹಾಕಿ ಕಳಿಸಿದರೆ, ಆಕೆ ಬದುಕಿದ ತಿಂಗಳುಗಳಲ್ಲಿ ಎಷ್ಟು ದಿನ ಮನೆಯಲ್ಲಿದ್ದಳು, ಎಷ್ಟು ದಿನ ಆಸ್ಪತ್ರೆಯಲ್ಲಿ? ಈ ಕೊನೆಯ ಪ್ರಶ್ನೆಗೆ ಉತ್ತರವಿಲ್ಲದೆಯೇ ದಿನವೂ ಪೈಪು ಹಾಕುತ್ತಿದ್ದೇವೆ.

ಎಲ್ಲ ಕಾಲೇಜುಗಳಿಗೂ ಒಂದೇ ನಮೂನೆ ಇರಲಿ, ಒಂದು ಪುಟ ಮೀರದಿರಲಿ: ವಯಸ್ಸು, ಲಿಂಗ, ಜಿಲ್ಲೆ, ಯಾವ ಕಾಯಿಲೆಗೆ, ಆಸ್ಪತ್ರೆಗೆ ಬಂದು ಎಷ್ಟು ಗಂಟೆಗೆ ಕೆಲಸ ಶುರುವಾಯಿತು, ಬಳಸಿದ ಸಾಮಗ್ರಿ, ವಿಕಿರಣದ ಪ್ರಮಾಣ, ತೊಡಕು, 30ನೇ ದಿನದ ಸ್ಥಿತಿ. ತೊಡಕನ್ನು ‘ಸಣ್ಣದು, ದೊಡ್ಡದು’ ಎಂದು ಬರೆಯದೆ ಯುರೋಪಿನ ಇಂಟರ್ವೆನ್ಷನಲ್ ರೇಡಿಯಾಲಜಿ ಸಂಘವಾದ ಸಿರ್ಸೆ 2017ರಲ್ಲಿ ಪ್ರಕಟಿಸಿದ ಒಂದರಿಂದ ಆರರ ಶ್ರೇಣಿಯಲ್ಲಿ ದಾಖಲಿಸಲಿ. ಅದರಲ್ಲಿ ಆರು ಎಂದರೆ ಸಾವು, ಮುಚ್ಚಿಡಲು ಎಡೆಯಿಲ್ಲ. ಹೆಸರು, ಫೋನ್ ಸಂಖ್ಯೆ ಆಸ್ಪತ್ರೆಯಲ್ಲೇ ಉಳಿಯಲಿ, ವಿಶ್ವವಿದ್ಯಾಲಯಕ್ಕೆ ಸಂಕೇತ ಸಂಖ್ಯೆ ಮಾತ್ರ ಹೋಗಲಿ. ಮೂವತ್ತನೇ ದಿನದ ಫೋನ್ ಕರೆಯನ್ನು ಕೆಲಸ ಮಾಡಿದ ವೈದ್ಯರು ಮಾಡಬಾರದು. ಅವರಿಗೆ ರೋಗಿ ‘ಚೆನ್ನಾಗಿದ್ದೀನಿ ಸಾರ್’ ಎಂದೇ ಹೇಳುತ್ತಾರೆ. ಒಬ್ಬ ನರ್ಸ್ ಅಥವಾ ಊರಿನ ಆಶಾ ಕಾರ್ಯಕರ್ತೆ ಕೇಳಲಿ. ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧದ ಸಿನಾಪ್ಸಿಸ್ ಕೊಡುವುದು ಕೋರ್ಸಿನ ಮೊದಲ ತಿಂಗಳುಗಳಲ್ಲಿ. ಆ ಗಡುವಿಗೆ ಮುಂಚೆ ಈ ನಮೂನೆ ಮತ್ತು ವಿಷಯಗಳ ಪಟ್ಟಿ ಕಾಲೇಜುಗಳ ಎಥಿಕ್ಸ್ ಸಮಿತಿಗಳನ್ನು ತಲುಪದಿದ್ದರೆ ಇನ್ನೊಂದು ಬ್ಯಾಚ್ ಕೈತಪ್ಪುತ್ತದೆ.

ಇಂತಿ,
ಕರ್ನಾಟಕದಲ್ಲಿ ಇಂಟರ್ವೆನ್ಷನಲ್ ರೇಡಿಯಾಲಜಿ ಕೆಲಸದಲ್ಲಿರುವ ಕೆಲವು ವೈದ್ಯರು, ನರ್ಸ್‌ಗಳು ಮತ್ತು ರೇಡಿಯೋಗ್ರಾಫರ್‌ಗಳು